ಜೀಪಿನ ಹಿಂಬದಿಗೆ ಎರಡು ಹಾಸು

ಮದುವೆಯ ಊಟ ಮುಗಿಸಿ ಹೊರಡುವ ಹೊತ್ತಿಗೆ ಬೆಲ್ಲ ಬಂದಿತು. ಜಮಖಂಡಿ ತಾಲೂಕಿನ ಹುನ್ನೂರಿನ ಮಾತು ಇದು. ನಮ್ಮ ಸಂಘದ ಕಚೇರಿಯಲ್ಲಿ ಬಹಳ ವರ್ಷ ದುಡಿದು ನಿವೃತ್ತರಾದ ಸ್ನೇಹಿತರೊಬ್ಬರು ಆ ಊರಿನವರು. ಅವರ ಮಗಳ ಮದುವೆಗೆಂದು ಕಳೆದ ಫಾಲ್ಗುಣದಲ್ಲಿ ಕೊಪ್ಪದಿಂದ ಹೊರಟು, ಹುಬ್ಬಳ್ಳಿ ಕಳೆದು, ಲೋಕಾಪುರ, ಮುಧೋಳ ದಾಟಿ, ಎರಡೂ ಮಗ್ಗುಲಿಗೆ ಕಬ್ಬು ನಿಂತ ರಸ್ತೆಯಲ್ಲಿ ನಮ್ಮ ಹಳೆಯ ಜೀಪಿನಲ್ಲೇ ಹೋಗಿದ್ದೆವು. ಮಹಾಲಿಂಗಪುರದ ಬೆಲ್ಲದ ಪೇಟೆಯ ಹೆಸರು ಕೇಳದವರು ಕಡಿಮೆ. ಅಷ್ಟು ದೂರ ಹೋದಮೇಲೆ ವರ್ಷಕ್ಕಾಗುವಷ್ಟು ಬೆಲ್ಲ ಒಯ್ಯೋಣವೆಂದು ಸ್ನೇಹಿತರ ಅಣ್ಣನವರಲ್ಲಿ ಮೊದಲೇ ಹೇಳಿಟ್ಟಿದ್ದೆವು. ಅವರು ತಮ್ಮದೇ ಗಾಣದಿಂದ ಎಂಟು ಪೆಂಟಿ ತರಿಸಿದ್ದರು.

ಆಳು ಮೊದಲ ಪೆಂಟಿಯನ್ನು ಹೆಗಲಿಗೇರಿಸಿ ನಿಂತಿದ್ದ. ಜೀಪಿನ ಹಿಂಬಾಗಿಲು ತೆಗೆದ ಅಣ್ಣನವರು ಒಂದು ಕ್ಷಣ ಸುಮ್ಮನಾದರು. ಬಗ್ಗಿ, ಮೂಲೆಗೆ ಬೆರಳು ಒರೆಸಿ, ಮೂಗಿಗೆ ಹಿಡಿದರು.

“ಇದರಾಗ ಏನೇನ್ ಹೇರ್ತೀರಿ ಸರ?”

“ಎಲ್ಲಾ ಹೇರುತ್ತೇವೆ. ಕಾಫಿ, ಅಡಿಕೆ, ಗೊಬ್ಬರ, ಮನೆಗೆ ಅಕ್ಕಿ...”

“ಎಣ್ಣಿ ಡಬ್ಬೀನೂ?”

ಬೆಳೆಗೆ ಹೊಡೆಯುವ ವಿಷಕ್ಕೆ ಆ ಕಡೆ ಎಣ್ಣೆಯೆಂದೇ ಹೆಸರು. ಹೌದೆಂದೆವು.

“ಹಂಗಾದ್ರ ಬೆಲ್ಲಾ ಇದರಾಗ ಬ್ಯಾಡ್ರಿ. ಮಕ್ಕಳು ತಿನ್ನೂದು ಐತಿ.”

ನಮ್ಮ ಮುಖ ಸಣ್ಣದಾಯಿತು. ಅವರಿಗೆ ನಮ್ಮನ್ನು ಚುಚ್ಚುವ ಉದ್ದೇಶವೇನೂ ಇರಲಿಲ್ಲ. ಬೆಲ್ಲವನ್ನು ನೆಳಲಿಗೆ ಇಡಿಸಿ, ನಮ್ಮನ್ನು ತಮ್ಮ ಕೊಟ್ಟಿಗೆಗೆ ಕರೆದೊಯ್ದರು. ಅಲ್ಲಿ ಅವರ ಪಿಕಪ್ ನಿಂತಿತ್ತು. ಗೋಡೆಯ ಎರಡು ಗೂಟಗಳಿಗೆ ಎರಡು ಹಾಸುಗಳು ತೂಗುಬಿದ್ದಿದ್ದವು. ದಪ್ಪ ತಾಡಪತ್ರಿಯನ್ನು ಗಾಡಿಯ ತಳದ ಅಳತೆಗೆ ಕತ್ತರಿಸಿ, ಮೂರು ಕಡೆ ಗೇಣುದ್ದ ಅಂಚು ಎಬ್ಬಿಸಿ ಹೊಲಿದು, ಮೂಲೆಗಳಲ್ಲಿ ಹಿತ್ತಾಳೆಯ ಕಣ್ಣು ಕೂರಿಸಿ ಮಾಡಿದಂಥವು. ಒಂದರ ಅಂಚಿಗೆ ಸುತ್ತಲೂ ಕೆಂಪು ನೂಲಿನ ಹೊಲಿಗೆ; ನೂಲು ಬಂದದ್ದು ಬನಹಟ್ಟಿಯ ಮಗ್ಗದ ಮನೆಯೊಂದರಿಂದಂತೆ. ಕೆಂಪು ಅಂಚಿನದು ಗೊಬ್ಬರಕ್ಕೆ, ಎಣ್ಣೆ ಡಬ್ಬಿಗೆ. ಇನ್ನೊಂದು ಕಾಳು, ಬೆಲ್ಲ, ಮನೆಮಂದಿಗೆ. ಓದು ಬಾರದ ಆಳಿಗೂ ಯಾವುದು ಯಾವುದೆಂದು ತಿಳಿಯಬೇಕಲ್ಲ, ಅದಕ್ಕೇ ಕೆಂಪು ನೂಲು ಎಂದರು.

ಮಳೆ ಕಡಿಮೆಯ ಸೀಮೆ ಅದು. ಬಾಗಲಕೋಟೆ ಜಿಲ್ಲೆಯ ಸರಾಸರಿ ಮಳೆ ವರ್ಷಕ್ಕೆ ಆರುನೂರು ಮಿಲಿಮೀಟರನ್ನೂ ಮುಟ್ಟುವುದಿಲ್ಲ. ನಮ್ಮಲ್ಲಿ ಆಷಾಢದ ಕೆಲವೇ ದಿನಗಳಲ್ಲಿ ಅಷ್ಟು ಸುರಿದುಹೋಗುತ್ತದೆ. ಗಾಡಿಯ ತಳ ತುಕ್ಕು ಹಿಡಿಯುತ್ತದೆಂಬ ಭಯ ಅವರಿಗಿಂತ ನಮಗೆ ಹೆಚ್ಚಾಗಿ ಇರಬೇಕಿತ್ತು. ಆದರೆ ಹಾಸು ಅಳತೆಗೆ ಹೊಲಿಸಿದವರು ಅವರು. ಯಾಕೆಂದು ಯೋಚಿಸಿದಾಗ ನಮಗೆ ಕಂಡದ್ದಿಷ್ಟು: ಅವರು ಕಾಪಾಡಲು ಹೊರಟದ್ದು ಗಾಡಿಯನ್ನಲ್ಲ, ಗಾಡಿಯಲ್ಲಿ ಹೋಗುವ ವಸ್ತುವನ್ನು. ನಾವು ಹಾಸೆಂದರೆ ಗಾಡಿಯ ಅಂದವೆಂದೇ ತಿಳಿದಿದ್ದೆವು.

ನಮ್ಮ ಜೀಪಿನಲ್ಲಿ ಹಾಸು ಇರಲಿಲ್ಲವೆಂದಲ್ಲ. ಎಂಟು ವರ್ಷದ ಕೆಳಗೆ ಪಟ್ಟಣದ ಅಂಗಡಿಯೊಂದರಲ್ಲಿ ಹಿಂಬದಿಗೆ ಬೂದು ಬಣ್ಣದ ಕಾರ್ಪೆಟ್ ಅಂಟಿಸಿಕೊಂಡು ಬಂದಿದ್ದೆವು. ಅಂಗಡಿಯವರು ಅಂಟನ್ನು ಧಾರಾಳವಾಗಿಯೇ ಬಳಿದಿದ್ದರು. ಹೊಸದರಲ್ಲಿ ಚೆನ್ನಾಗಿತ್ತು, ಮನೆಯಾಕೆಯೂ ಮೆಚ್ಚಿದ್ದರು. ಹುನ್ನೂರಿನಿಂದ ಬಂದ ಮರುದಿನವೇ ಅದನ್ನು ಕಿತ್ತು ನೋಡೋಣವೆಂದು ಕೂತೆವು. ಒಂದು ಮೂಲೆ ಎತ್ತಿದ್ದೇ ತಡ, ಅಡಿಕೆ ಚೂರು, ಯೂರಿಯಾದ ಹರಳು, ಕೋಳಿಗೊಬ್ಬರದ ಪುಡಿ, ಎಂದೋ ಚೆಲ್ಲಿದ ಡೀಸೆಲ್, ಎಲ್ಲ ಸೇರಿ ಗಟ್ಟಿಯಾದ ಒಂದು ಪದರ ಎದ್ದು ಬಂತು. ಅದರಡಿಯಲ್ಲಿ ಕಬ್ಬಿಣ ಚಕ್ಕೆಚಕ್ಕೆಯಾಗಿತ್ತು. ಎಡ ಚಕ್ರದ ಉಬ್ಬಿನ ಪಕ್ಕದಲ್ಲಿ ಹೆಬ್ಬೆರಳು ತೂರುವಷ್ಟು ತೂತು; ಅಂಗಳದ ಮಣ್ಣು ಕಾಣುತ್ತಿತ್ತು. ಅದರ ಸುತ್ತ ನೀಲಿಹಸಿರು ಕಲೆ.

ಆ ಕಲೆ ಯಾವುದೆಂದು ನಮ್ಮ ಬೆಳೆಗಾರ ಬಾಂಧವರಿಗೆ ಹೇಳಬೇಕಾಗಿಲ್ಲ. ಮೈಲುತುತ್ತು.

ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಪದ್ಧತಿ ನಮ್ಮ ತೋಟಗಳಿಗೆ ಬಂದು ನೂರು ವರ್ಷ ಮೀರಿತು. ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿಯಾಗಿದ್ದ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗದ ಮೇಲೆ ಬರೆದದ್ದು 1910ರಲ್ಲಿ. ಅಂದಿನಿಂದಲೂ ಎಲ್ಲರಿಗೂ ಬಾಯಿಪಾಠವಾದ ಮಾತೊಂದಿದೆ: ಮೈಲುತುತ್ತನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದು, ಮಣ್ಣು, ಮರ, ತಾಮ್ರ, ಈಗಿನ ಕಾಲಕ್ಕೆ ಪ್ಲಾಸ್ಟಿಕ್, ಇಷ್ಟೇ. ದ್ರಾವಣ ಸರಿಯಾಗಿದೆಯೇ ಎಂದು ನೋಡಲು ಹೊಳೆಯುವ ಚೂರಿಯನ್ನು ಅದ್ದುತ್ತೇವೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ. ದ್ರಾವಣದಲ್ಲಿರುವ ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ, ಅದರ ಬದಲಿಗೆ ಕಬ್ಬಿಣ ತಾನು ಕರಗಿ ಹೋಗುತ್ತದೆ; ಚೂರಿ ಹೇಳುವುದು ಇದನ್ನೇ. ನೂರು ಲೀಟರ್ ನೀರಿಗೆ ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ ಎಂದು ಅಷ್ಟು ಜಾಗ್ರತೆಯಿಂದ ಅಳೆಯುವ ನಾವೇ, ಅದೇ ತುತ್ತಿನ ಹರಿದ ಚೀಲವನ್ನು ಜೀಪಿನ ಒದ್ದೆ ಕಬ್ಬಿಣದ ಮೇಲೆ ಎಸೆದುಕೊಂಡು ಬರುತ್ತೇವೆ. ಇಡೀ ಜೀಪಿನ ತಳವೇ ಆ ಪರೀಕ್ಷೆಯ ಚೂರಿಯಾಗಿ ಕೂತಿರುತ್ತದೆ, ಅದೂ ಸುಣ್ಣವಿಲ್ಲದೆ. ಕಾಫಿಯ ಎಲೆತುಕ್ಕಿಗೆಂದು ತಂದ ಔಷಧಿ ಜೀಪಿಗೆ ತುಕ್ಕು ಹಿಡಿಸುತ್ತದೆ. ಇದರ ಜತೆಗೆ ಪೊಟ್ಯಾಷ್ ಸೇರಿಕೊಂಡರೆ ಕೇಳುವುದೇ ಬೇಡ. ನಾವು ಹಾಕುವ ಸಾಮಾನ್ಯ ಪೊಟ್ಯಾಷು ಉಪ್ಪಿನ ಜಾತಿಯದೇ, ತೇವವಿದ್ದಲ್ಲಿ ಕಬ್ಬಿಣವನ್ನು ಬಿಡುವುದಿಲ್ಲ.

ಇರಲಿ, ಕಬ್ಬಿಣ ಹೋದರೆ ಬೆಸುಗೆ ಹಾಕಿಸಬಹುದು. ಗ್ಯಾರೇಜಿನವರು ನಮಗೂ ಹಾಕಿಕೊಟ್ಟರು. ಬೆಸುಗೆ ಹಾಕಲಾಗದ ನಷ್ಟಗಳು ಬೇರೆ ಇವೆ.

ಒಣಗಿದ ಕಾಫಿ ಸುತ್ತಲಿನ ತೇವವನ್ನೂ ವಾಸನೆಯನ್ನೂ ಎಳೆದುಕೊಳ್ಳುವ ವಸ್ತು. ಮಂಗಳೂರಿನ ಕಡೆ ಕಾಫಿಯನ್ನು ಮಳೆಗಾಲದ ಗಾಳಿಗೆ ಹರಡಿ, ಬೀಜ ಉಬ್ಬಿಸಿ, ಬಣ್ಣ ತಿರುಗಿಸಿ ಮಾನ್ಸೂನ್ಡ್ ಮಲಬಾರ್ ಎಂದು ಹೊರದೇಶಕ್ಕೆ ಕಳಿಸುವ ಕಸುಬು ನಿಂತಿರುವುದು ಈ ಗುಣದ ಮೇಲೆಯೇ. ಬೇಕೆಂದು ಗಾಳಿ ಕುಡಿಸಿದರೆ ಅದು ಗುಣ. ಜೀಪಿನ ಮೂಲೆಯಲ್ಲಿ ಡೀಸೆಲ್ ಕುಡಿಸಿದರೆ ಅದು ಕೇಡು. ಸೆಣಬಿನ ಚೀಲದ ನಾರನ್ನು ಮೆದು ಮಾಡಲು ಹಿಂದೆ ಗಿರಣಿಗಳಲ್ಲಿ ಖನಿಜ ತೈಲ ಹಾಕುತ್ತಿದ್ದರು. ಅದು ಕಾಫಿ, ಕೋಕೋಗಳಿಗೆ ತಾಗುತ್ತದೆಂದು ಈಗ ಆಹಾರ ತುಂಬುವ ಚೀಲಗಳಿಗೆ ಸಸ್ಯಜನ್ಯ ಎಣ್ಣೆಯನ್ನೇ ಬಳಸಬೇಕೆಂಬ ಅಂತಾರಾಷ್ಟ್ರೀಯ ಕಟ್ಟಳೆಯಾಗಿದೆ. ಚೀಲದ ನಾರಿನ ಎಣ್ಣೆಯ ಬಗ್ಗೆ ಅಷ್ಟು ತಲೆ ಕೆಡಿಸಿಕೊಂಡಿರುವ ಪೇಟೆಗೆ ನಾವು ಕಳಿಸುವುದು ಕಳೆನಾಶಕದ ಕ್ಯಾನಿನ ಪಕ್ಕದಲ್ಲಿ ಕೂತು ಬಂದ ಚೆರಿಯನ್ನು.

ಪೂಲ್ ಪದ್ಧತಿಯ ಕಾಲದಲ್ಲಿ ಬೆಳೆದದ್ದನ್ನೆಲ್ಲ ಕಾಫಿ ಮಂಡಳಿಗೆ ಒಪ್ಪಿಸಿದರೆ ನಮ್ಮ ಕೆಲಸ ಮುಗಿಯುತ್ತಿತ್ತು. 1990ರ ದಶಕದಲ್ಲಿ ಆ ಪದ್ಧತಿ ಹಂತಹಂತವಾಗಿ ಕೊನೆಗೊಂಡು, ಮಾರಾಟ ನಮ್ಮ ಕೈಗೆ ಬಂತು. ಅದರ ಸುಖವನ್ನು ಎಲ್ಲರೂ ಹೇಳುತ್ತಾರೆ. ಜತೆಗೆ ಬಂದ ಹೊಣೆಯನ್ನು ಹೇಳುವವರು ಕಡಿಮೆ. ಈಗ ಕೊಳ್ಳುವವರು ನಮ್ಮ ಚೀಲಕ್ಕೇ ಮೂಗು ಹಚ್ಚುತ್ತಾರೆ, ನಮ್ಮ ಕಾಫಿಯನ್ನೇ ಹುರಿದು ಕುದಿಸಿ ರುಚಿ ನೋಡುತ್ತಾರೆ. ಹಿಂದಿನ ವರ್ಷ ನಮ್ಮ ಹನ್ನೆರಡು ಚೀಲದಲ್ಲಿ ಎರಡನ್ನು “ವಾಸನೆ ಇದೆ” ಎಂದು ಬದಿಗಿಟ್ಟಾಗ ನಾವು ಕೊಳ್ಳುವವರ ಮೇಲೆ ಸಿಟ್ಟಾದೆವು. ಬೆಲೆ ಇಳಿಸುವ ತಂತ್ರವೆಂದು ಮನೆಗೆ ಬಂದು ಗೊಣಗಿದೆವು. ಕಾರ್ಪೆಟ್ ಕಿತ್ತ ದಿನ ಆ ಸಿಟ್ಟು ಇಳಿಯಿತು. ಎರಡು ಚೀಲ ಕೂತಿದ್ದದ್ದು ಅದೇ ಎಡಮೂಲೆಯಲ್ಲಿ.

ಅಡಿಕೆಯ ಮಾತೂ ಅಷ್ಟೇ. ಚೊಗರು ಹದವಾಗಿ ಕಟ್ಟಿ, ಬಿಸಿಲು ನೋಡಿ ಒಣಗಿಸಿ, ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಇಡೀ ಮನೆಮಂದಿ ಕೂತು ಆರಿಸಿ ಚೀಲ ತುಂಬುತ್ತೇವೆ. ಆಮೇಲೆ ಆ ಚೀಲವನ್ನು ಇಡುವುದು ಎಂಥ ಜಾಗದಲ್ಲಿ? ಒದ್ದೆ ಕಾರ್ಪೆಟ್ಟಿನ ಮೇಲೆ. ಮಂಡಿಗೆ ಹೋಗುವಷ್ಟರಲ್ಲಿ ಚೀಲದ ಅಡಿ ಥಂಡಿ ಹಿಡಿದಿರುತ್ತದೆ. ಒಂದು ರಾತ್ರಿ ಅಲ್ಲೇ ಉಳಿದರೆ ಬೂಷ್ಟು ಬರಲು ಇನ್ನೇನು ಬೇಕು?

ಬೆಲೆಯ ಮಾತಾಯಿತು. ಪ್ರಾಣದ ಮಾತನ್ನೂ ಹೇಳಲೇಬೇಕು.

1958ರ ಬೇಸಗೆಯಲ್ಲಿ ನಮ್ಮ ನೆರೆಯ ಕೇರಳದಲ್ಲಿ ನಡೆದದ್ದನ್ನು ಹಿರಿಯರು ಮರೆತಿರಲಾರರು. ಮುಂಬಯಿಯಿಂದ ಕೊಚ್ಚಿಗೆ ಬಂದ ಹಡಗಿನಲ್ಲಿ ಗೋಧಿ ಹಿಟ್ಟಿನ ಚೀಲಗಳೂ ಪ್ಯಾರಾಥಿಯಾನ್ ಎಂಬ ಕೀಟನಾಶಕದ ಡಬ್ಬಿಗಳೂ ಒಟ್ಟಿಗೇ ಬಂದವು. ಫಾಲಿಡಾಲ್ ಎಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಡಬ್ಬಿ ಸೋರಿತು, ಚೀಲ ಹೀರಿತು. ಆ ಹಿಟ್ಟನ್ನು ತಿಂದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಯಾರೂ ಬೇಕೆಂದು ವಿಷ ಹಾಕಿರಲಿಲ್ಲ. ಎರಡು ಸರಕು ಒಂದೇ ನೆಲದ ಮೇಲೆ ಕೂತಿದ್ದವು, ಅಷ್ಟೇ. ವಿಚಾರಣಾ ಆಯೋಗ ಕೂತಿತು, ಮುಂದೆ 1968ರ ಕೀಟನಾಶಕ ಕಾಯಿದೆ ಬರಲು ಆ ಸಾವುಗಳೇ ಮುಖ್ಯ ಕಾರಣವಾದವು. 1971ರ ನಿಯಮಗಳಲ್ಲಿ, ಆಹಾರಕ್ಕಾಗಲಿ ಪಶು ಆಹಾರಕ್ಕಾಗಲಿ ನೇರವಾಗಿ ತಾಗುವಂತೆ ಕೀಟನಾಶಕವನ್ನು ಸಾಗಿಸಕೂಡದು, ಇಡಕೂಡದು ಎಂದು ಸ್ಪಷ್ಟವಾಗಿಯೇ ಬರೆದಿದೆ. ಕಾಯಿದೆ ಬಂದು ದಶಕಗಳಾದ ಮೇಲೂ, 2013ರ ಜುಲೈಯಲ್ಲಿ, ಬಿಹಾರದ ಸಾರಣ ಜಿಲ್ಲೆಯ ಶಾಲೆಯೊಂದರ ಬಿಸಿಯೂಟ ತಿಂದು ಇಪ್ಪತ್ತಮೂರು ಮಕ್ಕಳು ಸತ್ತರು. ಅಡಿಗೆಯ ಎಣ್ಣೆಯಲ್ಲಿ ಸಿಕ್ಕಿದ್ದು ಮೊನೊಕ್ರೋಟೊಫಾಸ್.

ಈಗ ನಮ್ಮ ಸೋಮವಾರದ ಸಂತೆಯ ಜೀಪನ್ನು ಕಣ್ಣ ಮುಂದೆ ತಂದುಕೊಳ್ಳಿ. ಹಿಂದೆ ಒಂದು ಕ್ಯಾನು ಔಷಧಿ, ಎರಡು ಚೀಲ ಗೊಬ್ಬರ, ರೇಷನ್ ಅಕ್ಕಿ, ಹಸುವಿನ ಹಿಂಡಿ, ತರಕಾರಿಯ ಬುಟ್ಟಿ. ಇವುಗಳ ನಡುವೆ ಜಾಗ ಮಾಡಿಕೊಂಡು ನೆಲದ ಮೇಲೆ ಕೂತ ಕೆಲಸದವರು, ಅವರ ತೊಡೆಯ ಮೇಲೆ ಮಗು. ಮುಂದಿನ ಸೀಟಿನಲ್ಲಿ ಕೂರುವ ನಮಗೆ ಆ ನೆಲ ತಾಗುವುದಿಲ್ಲ. ತಾಗುವುದು ಅವರ ಕಾಲಿಗೆ, ಅವರ ಬುತ್ತಿಗೆ, ಆ ಮಗುವಿನ ಕೈಗೆ. ಜೀಪಿನ ಹಾಸಿನ ವಿಷಯವನ್ನು ಶೋಕಿಯೆಂದು ತಳ್ಳಿಹಾಕುವವರು ಒಂದು ದಿನ ಹಿಂದೆ ಕೂತು ಮನೆಗೆ ಬರಲಿ ಎನ್ನುವುದು ನಮ್ಮ ವಿನಂತಿ.

ಹಾಗೆಂದು, ಹಾಸು ಹಾಕಿಬಿಟ್ಟರೆ ವಿಷವನ್ನೂ ಅಕ್ಕಿಯನ್ನೂ ಒಟ್ಟಿಗೆ ತರಬಹುದೆಂದು ಯಾರೂ ಭಾವಿಸಬಾರದು. ಕೂಡದೆಂದರೆ ಕೂಡದು. ಔಷಧಿ ತರುವ ದಿನ ಅಕ್ಕಿ ಬೇಡ, ಹಿಂಡಿ ಬೇಡ, ಹಿಂದೆ ಜನ ಬೇಡ. ಔಷಧಿಯ ಕ್ಯಾನು ಮುಚ್ಚಳವಿರುವ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ನೆಟ್ಟಗೆ ಕೂತಿರಲಿ. ಹಾಸಿನ ಕೆಲಸ ಆ ದಿನದ ಸೋರಿಕೆ ಮರುದಿನದ ಸರಕಿಗೆ ತಾಗದಂತೆ ನೋಡುವುದು. ಅದಕ್ಕೇ ಎರಡು ಹಾಸು. ಒಂದೇ ಹಾಸನ್ನು ತೊಳೆದು ತೊಳೆದು ಎರಡಕ್ಕೂ ಬಳಸುವುದು ಬರಿಯ ಕಬ್ಬಿಣಕ್ಕಿಂತಲೂ ಕೆಟ್ಟದ್ದು. ಬರಿಯ ಕಬ್ಬಿಣದ ಮೇಲಿನ ಕಲೆಯಾದರೂ ಕಾಣುತ್ತದೆ.

ಅಂಟಿಸಿದ ಕಾರ್ಪೆಟ್ಟನ್ನು ನಾವು ಇಷ್ಟೊಂದು ದೂರುವುದಕ್ಕೆ ಕಾರಣವೂ ಇದೇ. ಅದು ಕೊಳೆಯನ್ನು ತಡೆಯುವುದಿಲ್ಲ, ಬಚ್ಚಿಡುತ್ತದೆ. ಅಡಿಯಲ್ಲಿ ಸ್ಪಂಜಿರುವಂಥದು ಇನ್ನೂ ಅಪಾಯ. ಮಳೆಗಾಲದಲ್ಲಿ ಹೀರಿದ ನೀರು ದೀಪಾವಳಿಯವರೆಗೂ ಆರುವುದಿಲ್ಲ. ತೆಂಗಿನ ನಾರಿನ ಚಾಪೆ ನೋಡಲು ನಮ್ಮದೆನಿಸುತ್ತದೆ, ಆದರೆ ಅದರ ಸಂದುಗಳಿಂದ ಪುಡಿ ತೆಗೆಯುವುದು ಬ್ರಹ್ಮನಿಂದಲೂ ಆಗದು. ದಪ್ಪ ರಬ್ಬರ್ ಹಾಳೆ ಒಳ್ಳೆಯದೇ; ಗಟ್ಟಿ, ಚೀಲ ಜಾರುವುದಿಲ್ಲ, ತೊಳೆಯಲು ಸುಲಭ. ಆದರೆ ಹೊಸ ರಬ್ಬರಿಗೆ ತನ್ನದೇ ವಾಸನೆಯಿದೆ. ಬಿಸಿಲಿಗೆ ಹಾಕಿ ವಾಸನೆ ಸಂಪೂರ್ಣ ಹೋಗುವವರೆಗೆ ಅದರ ಮೇಲೆ ಕಾಫಿ ಇಡಬಾರದು. ಗುಜರಿಯಲ್ಲಿ ಸಿಗುವ ಹಳೆಯ ಯಂತ್ರಪಟ್ಟಿಯ ರಬ್ಬರು ಅಗ್ಗವೆಂದು ತರುವವರಿದ್ದಾರೆ. ಅದು ಹಿಂದೆ ಏನನ್ನು ಹೊತ್ತಿತ್ತೋ ಬಲ್ಲವರಾರು? ಬೇಡ. ಕಾರಿನ ಮಾದರಿಗೆ ತಕ್ಕಂತೆ ಅಚ್ಚು ಹಾಕಿದ ಅಂಚೆತ್ತರದ ತಟ್ಟೆಯಂಥ ಹಾಸುಗಳು ಈಗ ಪಟ್ಟಣದಲ್ಲಿ ಸಿಗುತ್ತವೆ. ಅಡಿಕೆ, ಕಾಫಿಯ ಮನೆಗಳಲ್ಲಿ ಹೊಸ ಗಾಡಿ ಇಟ್ಟುಕೊಂಡವರಿಗೆ ಅದು ಸಾಕು. ನಮ್ಮ ಹಳೆಯ ಜೀಪು, ಪಿಕಪ್ಪುಗಳಿಗೆ ಹುನ್ನೂರಿನ ದಾರಿಯೇ ಸರಿ.

ಹೊಲಿಸುವ ಕ್ರಮ ಕಷ್ಟದ್ದಲ್ಲ. ಹಳೆಯ ವೃತ್ತಪತ್ರಿಕೆಗಳನ್ನು ಗಂಜಿಯಿಂದ ಅಂಟಿಸಿ ದೊಡ್ಡ ಹಾಳೆ ಮಾಡಿಕೊಂಡು, ಅದನ್ನು ಜೀಪಿನ ತಳಕ್ಕೆ ಹಾಸಿ, ಚಕ್ರದ ಉಬ್ಬು, ಸೀಟಿನ ಕಾಲು, ಕೊಂಡಿ ಇವನ್ನೆಲ್ಲ ಗುರುತು ಮಾಡಿ ಕತ್ತರಿಸಿ. ದರ್ಜಿಗೆ ಆ ಕಾಗದವನ್ನೇ ಕೊಡಿ, ಬಾಯಿಮಾತಿನ ಅಳತೆ ಬೇಡ. ಮೂರು ಕಡೆ ಅಂಚು ಎದ್ದಿರಲಿ. ಮೂಲೆಯನ್ನು ಕತ್ತರಿಸಿ ಹೊಲಿದರೆ ಹೊಲಿಗೆಯ ತೂತಿನಲ್ಲಿ ಸೋರುತ್ತದೆ. ಕಾಗದದ ದೊನ್ನೆ ಮಡಚುವಂತೆ ಮಡಚಿ ಮೇಲ್ಗಡೆ ಮಾತ್ರ ಹೊಲಿಸಬೇಕು. ಹುನ್ನೂರಿನ ಅಣ್ಣನವರು ತೋರಿಸಿದ ಗುಟ್ಟು ಇದು. ಬಾಗಿಲ ಕಡೆಯ ಅಂಚನ್ನು ಒಂದು ಮೊಳ ಉದ್ದ ಬಿಟ್ಟರೆ ಸರಕು ಇಳಿಸುವಾಗ ಹೊರಗೆ ಚಾಚಿ ಬಂಪರಿನ ಮೇಲೆ ಬೀಳುವಂತೆ ಮಾಡಬಹುದು, ಉಳಿದಾಗ ಒಳಕ್ಕೆ ಮಡಚಬಹುದು. ಕಟ್ಟಲು ಗಾಡಿಯಲ್ಲಿ ಮೊದಲೇ ಇರುವ ಕೊಂಡಿಗಳನ್ನೇ ಬಳಸಿ. ಹೊಸ ಮೊಳೆ, ಹೊಸ ತಿರುಪು ಬೇಡವೇ ಬೇಡ. ತಳಕ್ಕೆ ಕೊರೆದ ಒಂದೊಂದು ತೂತೂ ತುಕ್ಕಿಗೆ ಕೊಟ್ಟ ವೀಳ್ಯ.

ಮಳೆಗಾಲದಲ್ಲಿ ವಾರಕ್ಕೊಮ್ಮೆ ಎತ್ತಿ ಅಡಿಯನ್ನು ಒರೆಸಿ. ಜೀಪಿನ ತಳದಲ್ಲಿ ನೀರು ಹೋಗಲು ಬಿಟ್ಟ ಕಿಂಡಿಗಳನ್ನು ಹಾಸು ಮುಚ್ಚಿಬಿಡುತ್ತದೆ, ಗಮನವಿರಲಿ. ಇನ್ನೊಂದು ಮಾತು, ಇದನ್ನು ಹೇಳಿದರೆ ಕೆಲವರಿಗೆ ಸಿಟ್ಟು ಬರಬಹುದು: ನಮ್ಮಲ್ಲಿ ಜೀಪು ತೊಳೆಯುವುದೆಂದರೆ ಹಳ್ಳಕ್ಕಿಳಿಸುವುದು. ಕೆಂಪು ಅಂಚಿನ ಹಾಸನ್ನು ಹಳ್ಳದಲ್ಲಿ ತೊಳೆದರೆ ತುತ್ತೂ ಔಷಧಿಯೂ ಮೀನಿಗೆ, ಕೆಳಗಿನ ಮನೆಯವರ ದನಕ್ಕೆ ಹೋಗುತ್ತವೆ. ಮೀನಿಗೆ ತಾಮ್ರ ವಿಷ. ಬಾವಿಯಿಂದಲೂ ಹಳ್ಳದಿಂದಲೂ ದೂರದಲ್ಲಿ ಒಂದು ಗುಂಡಿ ತೋಡಿ ಅಲ್ಲಿ ತೊಳೆಯುವುದು ಸರಿ. ಔಷಧಿ ನೇರವಾಗಿ ಸೋರಿ ಹಾಸು ನೆಂದುಹೋದರೆ, ಆ ಹಾಸಿನ ಆಯುಷ್ಯ ಮುಗಿಯಿತೆಂದೇ ತಿಳಿಯಬೇಕು.

ಖರ್ಚಿನ ಪ್ರಶ್ನೆ ಬರುತ್ತದೆ. ಊರೂರಿಗೆ ಬಟ್ಟೆಯ ಬೆಲೆ, ಹೊಲಿಗೆಯ ಕೂಲಿ ಬೇರೆಯಾದ್ದರಿಂದ ಇಷ್ಟೇ ಎಂದು ಹೇಳಲಾರೆವು. ನಮಗೆ ಎರಡು ಹಾಸಿಗೆ ಆದ ಖರ್ಚು, ವಾಸನೆಯೆಂದು ಬದಿಗಿಟ್ಟ ಎರಡು ಚೀಲದಲ್ಲಿ ನಾವು ಕಳೆದುಕೊಂಡದ್ದಕ್ಕಿಂತ ಕಡಿಮೆ. ಬೆಸುಗೆಯ ಖರ್ಚು ಇದರಲ್ಲಿ ಸೇರಿಲ್ಲ.

ಸಂಘದ ಮುಂದೆಯೂ ಎರಡು ಮಾತು ಇಡುತ್ತೇವೆ. ಮೈಲುತುತ್ತು, ಗೊಬ್ಬರ, ಔಷಧಿ ಇವನ್ನು ಮಾರುವುದು ನಮ್ಮದೇ ಮಳಿಗೆ. ಕಾಫಿ, ಅಡಿಕೆ ತೂಗಿಕೊಳ್ಳುವುದೂ ನಮ್ಮದೇ ಗೋದಾಮು. ಒಂದೇ ಅಂಗಳದಲ್ಲಿ ಒಂದೇ ಜೀಪು ಒಂದು ಬಾಗಿಲಲ್ಲಿ ಅಡಿಕೆ ಇಳಿಸಿ ಇನ್ನೊಂದು ಬಾಗಿಲಲ್ಲಿ ತುತ್ತು ಹೇರಿಕೊಂಡು ಹೋಗುವುದನ್ನು ದಿನವೂ ನೋಡುತ್ತೇವೆ. ಮಳಿಗೆಯಲ್ಲಿ ದಪ್ಪ ತಾಡಪಾಲನ್ನು ಥಾನುಗಟ್ಟಲೆ ತರಿಸಿ, ಸದಸ್ಯರು ತಂದ ಕಾಗದದ ಅಳತೆಗೆ ಹೊಲಿಸಿಕೊಡುವ ಏರ್ಪಾಡನ್ನು ಮುಂಗಾರಿಗೆ ಮೊದಲೇ ಮಾಡಬೇಕು. ಒಟ್ಟಿಗೆ ಕೊಂಡರೆ ಬೆಲೆಯೂ ಇಳಿದೀತು. ಎರಡನೆಯದು, ಗೋದಾಮಿನಲ್ಲಿ ಸರಕು ಇಳಿಸಿಕೊಳ್ಳುವವರು ಚೀಲವನ್ನು ನೋಡುವಂತೆ ಅದು ಬಂದ ಗಾಡಿಯ ತಳವನ್ನೂ ಒಮ್ಮೆ ನೋಡಲಿ. ದಂಡ ಬೇಡ, ಗದರಿಕೆ ಬೇಡ. ಬೆರಳು ಒರೆಸಿ ಮೂಗಿಗೆ ಹಿಡಿದರೆ ಸಾಕು. ನಮ್ಮ ಅನುಭವದಲ್ಲಿ ಅದರಷ್ಟು ನಾಟುವ ಮಾತು ಬೇರೆ ಇಲ್ಲ.

ಇಂಥ ಸಣ್ಣ ಕೆಲಸಕ್ಕೆ ಆಡಳಿತ ಮಂಡಳಿಯ ಠರಾವು ಬೇಕೇ ಎಂದು ಕೇಳುವವರಿಗೆ ಹುನ್ನೂರಿನ ಸೀಮೆಯದೇ ಉದಾಹರಣೆ ಇದೆ. ಅದೇ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರು ಸರಕಾರದ ದಾರಿ ಕಾಯದೆ, ತಾವೇ ವಂತಿಗೆ ಎತ್ತಿ, ತಾವೇ ಮಣ್ಣು ಕಲ್ಲು ಹೊತ್ತು, 1989ರಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿ ಮುಗಿಸಿದರು. ಅಷ್ಟು ದೊಡ್ಡದನ್ನು ಕೂಡಿ ಮಾಡಿದ ಜನರ ನಾಡಿನಲ್ಲಿ ಗಾಡಿಯ ತಳದ ಹಾಸಿಗೂ ಲಕ್ಷ್ಯ ಕೊಟ್ಟದ್ದನ್ನು ನೋಡಿ ನಮಗೆ ಆಶ್ಚರ್ಯವೇನೂ ಆಗಲಿಲ್ಲ.

ಬೆಲ್ಲ ಏನಾಯಿತೆಂದು ಓದುಗರು ಕೇಳಬಹುದು. ಅಣ್ಣನವರು ಕೊನೆಗೆ ತಮ್ಮ ಎರಡನೆಯ ಹಾಸನ್ನೇ, ಕೆಂಪು ಅಂಚಿಲ್ಲದ್ದನ್ನು, ನಮ್ಮ ಕಾರ್ಪೆಟ್ಟಿನ ಮೇಲೆ ಹಾಸಿಕೊಟ್ಟು, ಪೆಂಟಿಗಳನ್ನು ಹೊಸ ಪ್ಲಾಸ್ಟಿಕ್ ಹಾಳೆಯಲ್ಲಿ ಎರಡು ಸುತ್ತು ಸುತ್ತಿಸಿ ಹೇರಿಸಿದರು. ಪಿಕಪ್ಪಿನ ಅಳತೆಗೆ ಹೊಲಿದ ಹಾಸು ನಮ್ಮ ಜೀಪಿಗೆ ಹೇಗೆ ಹೊಂದೀತು? ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಮಡಿಕೆ ಬಿಚ್ಚಿ ಪೆಂಟಿಗಳೆಲ್ಲ ಒಂದು ಮಗ್ಗುಲಿಗೆ ಸರಿದಿದ್ದವು. ಇಳಿದು ಮತ್ತೆ ಕಟ್ಟಬೇಕಾಯಿತು. ಬೆಲ್ಲ ಮಾತ್ರ ಕೆಡದೆ ಮನೆ ಸೇರಿತು, ಚೆನ್ನಾಗಿಯೂ ಇದೆ.

ಆ ಹಾಸನ್ನು ಒಂದು ಡಬ್ಬಿ ಕಾಫಿಪುಡಿಯ ಜತೆಗೆ ಹಿಂದಿರುಗಿಸುತ್ತೇವೆಂದು ಸ್ನೇಹಿತರಿಗೆ ಫೋನು ಮಾಡಿದೆವು. “ನಿಮ್ಮದು ಹೊಲಿಸೂತನಾ ಅದನ್ನ ಕಳಸಬ್ಯಾಡ್ರಿ ಅಂತ ಅಣ್ಣ ಹೇಳ್ಯಾನ” ಎಂದು ಉತ್ತರ ಬಂತು. ನಮ್ಮದರಲ್ಲಿ ಒಂದು ಹೊಲಿಗೆಯಾಗಿ ಬಂದಿದೆ. ಕೆಂಪು ಅಂಚಿನದು ಇನ್ನೂ ದರ್ಜಿಯ ಹತ್ತಿರ ಇದೆ.